ಬಾಗಿಲಿನ ಒಳಮೈ

ಪೇಂಟರ್ ಮಸ್ತಾನ್ ಹಳೆಯ ಮಿಲಿಟರಿ ಲಾರಿಯ ಬಾಗಿಲಿಗೆ ಪಾಲಿಶ್ ಹಾಕುತ್ತಿದ್ದ. ಲಾರಿ ಕೊಂಡಿದ್ದ ಯಜಮಾನರು ಕೈಯಾಡಿಸಿ ಹಿಗ್ಗಿದರು.

“ಭೇಷ್! ಇದನ್ನ ಓಡಿಸ್ತಿದ್ದು ತೀರ್ಕೊಂಡ ಸೈನಿಕನ ಹೆಂಡ್ತಿ ಒಂದ್ಸಲ ತೋರ್ಸಿ ಅಂತ ಬರೀತಾನೇ ಇದಾರೆ. ಗುಜರಿ ಏನು ತೋರ್ಸೋದು ಅಂತ, ‘ಬನ್ನಿ’ ಅಂತ ಬರೆದ ಉತ್ತರಾನೂ ಕಳಿಸದೆ ಜೇಬಲ್ಲೇ ಇಟ್ಕೊಂಡಿದ್ದೆ.”

“ಈಗ ಬರ್ಲಿ ಬಿಡಿ ಸಾರ್. ಬಾಗಿಲ ಒಳಗಡೆ ಯಾರೋ ಮೊಳೇಲಿ ಹೆಸರು ಗೀಚಿದ್ರು. ಅದನ್ನೂ ಉಜ್ಜಿ, ಪುಟ್ಟಿ ತುಂಬಿ ನುಣ್ಣಗೆ ಮಾಡಿದೀನಿ.”

ಯಜಮಾನರ ಕೈ ನಿಂತಿತು.

“ಅಯ್ಯೋ, ಅದು ಅವರ ಮಗಳ ಹೆಸರು ಕಣೋ! ಗಂಡನ ಕೈಬರಹ ಉಳಿದಿರೋದು ಅದೊಂದೇ, ಮುಟ್ಟಿ ನೋಡ್ಬೇಕು ಅಂತಾರೆ ಆಯಮ್ಮ.”

ಮಸ್ತಾನ್ ಪಾಲಿಶ್ ಬಟ್ಟೆ ಕೆಳಗಿಟ್ಟ. “ಬರೋದು ಬೇಡ ಅಂತ ಬರೆದ್ಬಿಡಿ ಸಾರ್.”

ಯಜಮಾನರು ಬಾಗಿಲನ್ನು ಮತ್ತೊಮ್ಮೆ ಸವರಿ, ಜೇಬಿನಿಂದ ಲಕೋಟೆ ತೆಗೆದು ಅವನ ಕೈಗಿಟ್ಟರು.

“ನಾಲ್ಕು ಜನ ಹೊಗಳೋ ಹಂಗೆ ಮಾಡಿದೀವಿ, ಬಂದು ನೋಡ್ಲಿ. ಹೋಗ್ತಾ ಪೋಸ್ಟ್ ಡಬ್ಬಿಗೆ ಹಾಕು.”

ಮಸ್ತಾನ್ ಹಾಕಿದ.