ಬಾತುಕೋಳಿಯ ಕನ್ನಡಿ

ಫಲಕದ ಕೊನೆಯ ಸಾಲಿಗೆ ಬಂದಾಗ ಫಿಟ್ಟರ್ ಕನ್ನಡಕ ತೆಗೆದುಬಿಟ್ಟ. ‘ಕೂತಲ್ಲಿಂದ ಪೈಲಟ್‌ಗೆ ಚಕ್ರಗಳು ಕಾಣದಿರುವುದು ಈ ವಿಮಾನದ ವಿನ್ಯಾಸದ ದೋಷ’ ಎಂದು ಹಿತ್ತಾಳೆಯಲ್ಲಿ ಕೊರೆದಿದ್ದರು. ಫಲಕದ ಹಿಂದೆಯೇ ವಿಮಾನ ನಿಂತಿತ್ತು. ನೆಲದಿಂದಲೂ ಏಳುವ, ನೀರಿನಿಂದಲೂ ಏಳುವ, ಎರಡೇ ಸೀಟಿನ ಪುಟ್ಟ ವಿಮಾನ. ಆಗಿದ್ದೇ ಮೂರು, ಉಳಿದಿರುವುದು ಇದೊಂದು. ಅದನ್ನು ಕಟ್ಟಿದ ವರ್ಕ್‌ಶಾಪಿನವರು, ಅವರಲ್ಲಿ ಫಿಟ್ಟರ್ ಕೂಡ ಒಬ್ಬ, ಬಾತುಕೋಳಿ ಎನ್ನುತ್ತಿದ್ದರು. ಅದನ್ನು ರೂಪಿಸಿದವರು ನೆಲದ ಮೇಲೆಲ್ಲ ಸೀಮೆಸುಣ್ಣದಲ್ಲಿ ಬರೆದು ಪಾಠ ಹೇಳುತ್ತಿದ್ದರಿಂದ ಅವರು ಎಲ್ಲರಿಗೂ ಮೇಷ್ಟ್ರು. ಮೇಷ್ಟ್ರು ತೀರಿಕೊಂಡು ಎರಡು ತಿಂಗಳಾಗಿತ್ತು. ಮ್ಯೂಸಿಯಂನ ಆ ಹಾಲಿನಲ್ಲಿ ಅವರ ನೆನಪಿನ ಸಭೆಗೆಂದು ಕುರ್ಚಿ ಹಾಕುತ್ತಿದ್ದರು.

ಫಿಟ್ಟರ್ ಕೋಟಿನ ಜೇಬನ್ನು ಮುಟ್ಟಿ ನೋಡಿಕೊಂಡ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಗಾದೆ ಅವನಿಗೂ ಗೊತ್ತಿತ್ತು, ಆದರೆ ಕೈ ಮಾತು ಕೇಳಲಿಲ್ಲ. ಜೇಬಿನಲ್ಲಿ ಅಂಗೈಯಗಲದ ಒಂದು ಕನ್ನಡಿ, ಜೊತೆಗೆ ಎರಡು ಸ್ಕ್ರೂ ಇದ್ದವು.

ಮನೆಯೊಳಗೆ ಹೋಗುವಾಗ ಚಪ್ಪಲಿ ಬಿಡುವ ಹಾಗೆ ನೀರಿಗಿಳಿಯುವಾಗ ಚಕ್ರ ಮಡಚಿಕೊಳ್ಳಬೇಕು ಎಂದು ಮೇಷ್ಟ್ರು ಪ್ರತಿ ಪೈಲಟ್‌ಗೂ ಹೇಳುತ್ತಿದ್ದರು. ಮರೆತು ಚಕ್ರ ಇಳಿಬಿಟ್ಟುಕೊಂಡೇ ನೀರು ಮುಟ್ಟಿದರೆ ಬಾತುಕೋಳಿ ಮುಗ್ಗರಿಸಿ ಅಂಗಾತ ಬೀಳುತ್ತದೆ. ಮನುಷ್ಯ ಮರೆಯುವ ಪ್ರಾಣಿ ಎಂದು ಗೊತ್ತಿದ್ದೇ ಅವರು ರೆಕ್ಕೆಯ ಕೆಳಗಿನ ಕಂಬಿಗೆ ಒಂದು ಪುಟ್ಟ ಕನ್ನಡಿ ಕೂರಿಸಿದ್ದರು. ಇಳಿಯುವ ಮುಂಚೆ ಅದರತ್ತ ಒಮ್ಮೆ ಕಣ್ಣು ಹಾಯಿಸಿದರೆ ಚಕ್ರ ಕಾಣುತ್ತಿತ್ತು.

ಮೂವತ್ತೊಂದು ವರ್ಷದ ಹಿಂದೆ, ಕೊಳ್ಳಲು ಬಂದವರ ಎದುರು ಹಾರಿಸಿ ತೋರಿಸುವ ದಿನ, ಕನ್ನಡಿಯ ಅಂಚಿನಲ್ಲಿ ಕಲೆ ಕಂಡು ಫಿಟ್ಟರ್ ಅದನ್ನು ಬಿಚ್ಚಿ ಒರೆಸುತ್ತ ಕೂತ. ಅಷ್ಟರಲ್ಲಿ ಪೆಟ್ರೋಲ್ ಪೈಪು ಹಿಡಿದುಕೊಳ್ಳಲು ಯಾರೋ ಕರೆದರು. ಕನ್ನಡಿಯನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿ ಹೋದವನಿಗೆ ಮತ್ತೆ ಅದರ ನೆನಪಾಗಲಿಲ್ಲ. ಎಲ್ಲ ಸರಿಯಿದೆ ಎಂದು ತಪಾಸಣೆಯ ಹಾಳೆಗೆ ಸಹಿಯನ್ನೂ ಹಾಕಿದ. ಪೈಲಟ್ ಹೊಸಬ, ಚಕ್ರ ಮಡಚಲು ಮರೆತ. ಅಷ್ಟು ಜನರ ಕಣ್ಣೆದುರೇ, ಇದೇ ಬಾತುಕೋಳಿ ಕೆರೆಯಲ್ಲಿ ಮಗುಚಿಕೊಂಡಿತು. ಪೈಲಟ್‌ಗೆ ಕಾಲು ಮುರಿಯಿತು, ತಲೆಗೆ ಬಿದ್ದ ಏಟಿಗೆ ಆ ದಿನದ ನೆನಪೇ ಅಳಿಸಿಹೋಯಿತು. ಕೊಳ್ಳಲು ಬಂದವರು ಬಂದ ದಾರಿಗೆ ಸುಂಕವಿಲ್ಲವೆಂದು ಹೊರಟುಹೋದರು.

ವಿಮಾನವನ್ನು ನೀರಿನಿಂದ ಎತ್ತಿದಾಗ ಮೇಷ್ಟ್ರು ಆ ಕಂಬಿಯ ಮೇಲೆ ಬೆರಳಾಡಿಸಿದ್ದರು. ಕನ್ನಡಿ ಏಟಿಗೆ ಕಿತ್ತುಹೋಗಿದ್ದರೆ ಸ್ಕ್ರೂ ತೂತುಗಳು ಹರಿದಿರಬೇಕಿತ್ತು. ಎರಡೂ ದುಂಡಗೆ, ನೆಟ್ಟಗೆ ಇದ್ದವು. ಫಿಟ್ಟರ್ ಪಕ್ಕದಲ್ಲೇ ನಿಂತಿದ್ದ. ಮೇಷ್ಟ್ರು ಅವನತ್ತ ತಿರುಗಲಿಲ್ಲ. ಗಮನಿಸಿರಲಾರರು ಎಂದು ಅವನು ತನಗೆ ತಾನೇ ಹೇಳಿಕೊಂಡ. ಮರುದಿನ ವಿಚಾರಣೆಯವರಿಗೆ ಅವರು ಕನ್ನಡಿಯ ಮಾತೇ ಎತ್ತದೆ, ತಪ್ಪು ನನ್ನ ನಕ್ಷೆಯದು ಎಂದು ಬರೆದುಕೊಟ್ಟರು. ನಾಲ್ಕನೆಯ ಬಾತುಕೋಳಿ ಆಗಲೇ ಇಲ್ಲ.

ಫಿಟ್ಟರ್ ಆ ಕೆಲಸ ಬಿಟ್ಟು ಬಸ್ ಡಿಪೋ ಸೇರಿದ. ಹೇಳಿಬಿಡೋಣವೆಂದು ಎಷ್ಟೋ ಸಲ ಮೇಷ್ಟ್ರ ಮನೆಯ ಗೇಟಿನ ತನಕ ಹೋಗಿ, ಚಿಲಕ ಮುಟ್ಟಿ, ಇನ್ನೊಂದು ದಿನ ಬಂದರಾಯಿತು ಎಂದು ವಾಪಸು ಬಂದಿದ್ದ. ನಾಳೆ ಎಂದವನ ಮನೆ ಹಾಳು ಎನ್ನುತ್ತಾರೆ. ಇಲ್ಲಿ ಹಾಳಾಗಿದ್ದು ಮೇಷ್ಟ್ರ ಹೆಸರು.

ಮೇಷ್ಟ್ರ ಮಗಳು ಅವನನ್ನು ಹುಡುಕಿಕೊಂಡು ಬಂದಳು. ವರ್ಕ್‌ಶಾಪಿನಲ್ಲಿ ಇವನ ಟೂಲ್ ಪೆಟ್ಟಿಗೆಯ ಮೇಲೆ ಕೂತು ಬೆಳೆದವಳು. ಸಭೆ ಶುರುವಾಗುತ್ತಿದೆ, ಮಾಮನೂ ಎರಡು ಮಾತಾಡಬೇಕು ಎಂದಳು.

“ಈ ಕೊನೇ ಸಾಲು ತೆಗೆಸಮ್ಮ. ಇದು ಸುಳ್ಳು.”

“ಅಪ್ಪನೇ ಬರೆದುಕೊಟ್ಟ ಸಾಲು ಮಾಮ ಅದು.”

ಫಿಟ್ಟರ್ ಕನ್ನಡಿ ತೆಗೆದು ಅವಳ ಕೈಗಿಟ್ಟ. ಆ ದಿನ ನಡೆದದ್ದನ್ನೆಲ್ಲ ತಲೆ ತಗ್ಗಿಸಿಕೊಂಡೇ ಹೇಳಿ ಮುಗಿಸಿದ. ಬೈಯಲಿ ಎಂದು ಕಾದ. ಬೈಸಿಕೊಳ್ಳುವ ಆಸೆ ಅವನಿಗೆ ಅಷ್ಟಿತ್ತು. ಅವಳು ಕನ್ನಡಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು.

“ಅಪ್ಪ ಪ್ರತಿ ವರ್ಷ ಇಲ್ಲಿಗೆ ಬರೋರು” ಎಂದಳು. “ಆ ಕಂಬಿಯ ಎರಡು ತೂತಿಗೂ ಒಂದೊಂದು ಹನಿ ಎಣ್ಣೆ ಬಿಡೋರು. ಖಾಲಿ ತೂತಿಗೆ ಯಾಕಪ್ಪಾ ಎಣ್ಣೆ ಅಂದ್ರೆ, ಕನ್ನಡಿ ಬರೋದಿದೆ ಅನ್ನೋರು. ಯಾರು ತರ್ತಾರೆ ಅಂತ ಮಾತ್ರ ಹೇಳ್ಲಿಲ್ಲ. ಹೋದ ವರ್ಷ ಅವರ ಕೈ ನಡುಗ್ತಿತ್ತು, ನನ್ನ ಕೈಲಿ ಬಿಡಿಸಿದ್ರು.”

ಫಿಟ್ಟರ್ ಅವಳ ಕೈಯಿಂದ ಕನ್ನಡಿ ವಾಪಸು ತೆಗೆದುಕೊಂಡ. ಗೇಟಿನ ಆಚೆ ತಾನು ನಿಂತಿದ್ದಾಗ ಒಳಗೆ ಕಾಯುತ್ತಿದ್ದವರೊಬ್ಬರು ಇದ್ದರು ಎಂಬುದು ಅವನಿಗೆ ಈಗ ತಿಳಿಯಿತು.

“ಮೊದಲು ಇದನ್ನ ಹಾಕ್ತೀನಿ. ಆಮೇಲೆ ಎಲ್ಲರ ಎದುರು ಮೈಕಲ್ಲಿ ಹೇಳ್ತೀನಿ” ಎಂದು ಅವನು ರೆಕ್ಕೆಯ ಕೆಳಗೆ ಬಗ್ಗಿದ. ಇಷ್ಟು ವರ್ಷದ ತೂತು, ತುಕ್ಕು ಹಿಡಿದಿರುತ್ತದೆ ಎಂದು ಸ್ಕ್ರೂಡ್ರೈವರನ್ನೂ ತಂದಿದ್ದ. ಅದು ಬೇಕಾಗಲಿಲ್ಲ. ಎರಡೂ ಸ್ಕ್ರೂ ಬೆರಳಿನಲ್ಲೇ, ಎಲ್ಲೂ ತಡೆಯದೆ, ಕೊನೆಯ ತನಕ ಒಳಗೆ ಹೋದವು.