ಹಳೆಯ ತಾರೀಖು

ಬಂದವನು ನಾಯಿಯ ಬೆಲ್ಟು ಬಿಗಿಹಿಡಿದೇ ಅಂಗಲಾಚಿದ.

"ಪಕ್ಕದ ಮನೆ ಮಗೂನ ಕಚ್ಚಿಬಿಟ್ಟಿದೆ ಡಾಕ್ಟ್ರೇ. ಹೋದ ವರ್ಷವೇ ರೇಬಿಸ್ ಲಸಿಕೆ ಹಾಕಿದ ಹಾಗೆ ಒಂದು ಕಾರ್ಡ್ ಬರ್ಕೊಡಿ. ಇಲ್ದಿದ್ರೆ ಇದನ್ನ ಅಪಾರ್ಟ್‌ಮೆಂಟಿಂದ ಓಡಿಸ್ತಾರೆ."

ಪಶುವೈದ್ಯರ ಪೆನ್ನು ಅನುಮಾನಿಸಿತು. "ಮಗು ಗತಿ?"

"ಅವರು ಇಂಜೆಕ್ಷನ್ ಹಾಕಿಸ್ತಾರೆ ಬಿಡಿ."

ನಾಯಿ ಬಾಲ ಅಲ್ಲಾಡಿಸುತ್ತ ನಿಂತಿತ್ತು. ಮೂಕಪ್ರಾಣಿ ಬೀದಿಪಾಲಾಗುವುದು ಬೇಡವೆಂದು ವೈದ್ಯರು ಹಳೆಯ ತಾರೀಖು ಹಾಕಿ, ದುಂಡಗೆ ಸಹಿ ಮಾಡಿದರು.

ಎಂಟನೆಯ ದಿನ ಆತ ಒಬ್ಬನೇ ಬಂದ.

"ಎರಡು ದಿನದಿಂದ ಜೊಲ್ಲು ಸುರಿಸ್ತಿತ್ತು, ಸಿಕ್ಕಿದ್ದಕ್ಕೆಲ್ಲ ಬಾಯಿ ಹಾಕ್ತಿತ್ತು. ಬೆಳಿಗ್ಗೆ ಸತ್ತೋಯ್ತು."

ವೈದ್ಯರು ಕುರ್ಚಿಯಿಂದ ಎದ್ದರು. "ಮಗೂಗೆ ಇಂಜೆಕ್ಷನ್ ಹಾಕ್ಸಿದ್ರು ತಾನೆ?"

"ಆವತ್ತೇ ಆಸ್ಪತ್ರೆಗೆ ಹೊರಟು ನಿಂತಿದ್ರು ಡಾಕ್ಟ್ರೇ. ನಿಮ್ಮ ಕಾರ್ಡ್ ತೋರಿಸಿದ್ದೇ ತಡ, ಚಪ್ಪಲಿ ಬಿಟ್ಟು ವಾಪಸ್ ಮನೆಯೊಳಗೆ ಹೋದ್ರು."