ಚೀಲವಿಲ್ಲದ ಶನಿವಾರ

ದುಃಖವನ್ನು ಒಳಗೇ ಇಟ್ಟುಕೊಂಡ ಮಕ್ಕಳ ತೂಕ ಇಳಿಯುತ್ತ, ಕೊನೆಗೆ ಅವರ ಕಾಲು ನೆಲ ಬಿಡುವುದು ಶುರುವಾದ ಮೇಲೆ ಎಲ್ಲ ಶಾಲೆಗಳ ಗೇಟಿಗೂ ತೂಕದ ಯಂತ್ರ ಬಂದಿತ್ತು. ಪ್ರಾರ್ಥನೆಗೆ ತಡವಾಗಬಾರದೆಂದು ಗುಡಗೇರಿ ಮಾಸ್ತರರು ಮಕ್ಕಳನ್ನು ಚೀಲದ ಸಮೇತ ತೂಗಿ, ಚೀಲದ್ದೆಂದು ನಾಲ್ಕು ಕಿಲೋ ಕಳೆದು ರಿಜಿಸ್ಟರಿನಲ್ಲಿ ಬರೆಯುತ್ತಿದ್ದರು. ಒಂಬತ್ತನೆಯ ತರಗತಿಯ ಶಶಿಕಲಾ ಐದು ತಿಂಗಳಿಂದ ಮೂವತ್ತೆಂಟು ಕಿಲೋ.

ಅವತ್ತು ಮಕ್ಕಳು ಚೀಲ ತರಬೇಕಿಲ್ಲದ ಮೊದಲ ಶನಿವಾರ. ಅವಳೊಬ್ಬಳೇ ತಂದಿದ್ದಳು. ಬಿಸಿಯೂಟದ ಅಡುಗೆಯ ಹುಸೇನಬಿ ತೂಕದ ಸಾಲಿನಲ್ಲಿ ನಿಂತಿದ್ದ ಅವಳನ್ನು ಅಡುಗೆಮನೆಗೆ ಕರೆದು ಚೀಲ ಇಳಿಸಿಕೊಂಡಳು. ಒಳಗೆ ಇಟ್ಟಿಗೆಗಳಿದ್ದವು. ಚೀಲ ಇಳಿದದ್ದೇ ಶಶಿಕಲಾಳ ಹಿಮ್ಮಡಿಗಳು ನೆಲ ಬಿಟ್ಟವು. ಹುಸೇನಬಿ ತಟ್ಟನೆ ಅವಳ ಕೈ ಹಿಡಿದಳು.

“ಬದುಕೋದ ಬ್ಯಾಡ ಅನಸ್ತೈತೇನವ್ವಾ?”

ಹುಡುಗಿ “ಹೂಂ” ಎಂದಳು. “ಯಾರಿಗೂ ಹೇಳಬ್ಯಾಡ್ರಿ, ಚಾಚಿ.”

“ಇದನ್ನ ಮುಚ್ಚಿಡಾಕ ಆಗೂದಿಲ್ಲ, ಹೇಳಬೇಕು. ನಾ ಸಂಗಾಟ ಇರ್ತೀನಿ. ಕೈ ಬಿಡೂದಿಲ್ಲ.”

ಒಲೆಯ ಮೇಲೆ ಬೇಳೆ ಉಕ್ಕಿತು. ಹುಸೇನಬಿ ಅತ್ತ ಹೋಗಲಿಲ್ಲ. ಶಶಿಕಲಾ ಅಳುತ್ತ, ತಡೆದು ತಡೆದು ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು. ಆಮೇಲೆ ಇಬ್ಬರೂ ಗೇಟಿಗೆ ಬಂದರು.

ಯಂತ್ರ ಇಪ್ಪತ್ತೊಂಬತ್ತು ತೋರಿಸಿತು. ಮಾಸ್ತರರು ಅಭ್ಯಾಸಬಲದಿಂದ ನಾಲ್ಕು ಕಳೆಯಲು ಹೋಗಿ ನಿಂತರು. ಅವಳ ಖಾಲಿ ಬೆನ್ನು ನೋಡಿದರು. ಹಿಂದಿನ ಪುಟಗಳನ್ನು ತಿರುವಿದರು. ಎಲ್ಲ ಕಡೆಯೂ ತಮ್ಮದೇ ಅಕ್ಷರದಲ್ಲಿ ಮೂವತ್ತೆಂಟು.

ರಿಜಿಸ್ಟರನ್ನು ನೆಲಕ್ಕಿಟ್ಟು, ಅವರು ಅವಳ ಇನ್ನೊಂದು ಕೈ ಹಿಡಿದುಕೊಂಡರು.